ಎಮ್ಮೆ ಡಬ್ಬಿ, ಕೋಳಿ ಡಬ್ಬಿ

ಇಂದಿನ ಸಭೆಯ ಅಧ್ಯಕ್ಷರಾದ ಪ್ರಾಂತ್ಯದ ಆರೋಗ್ಯಾಧಿಕಾರಿಗಳೇ, ನಮ್ಮ ಡೊನ್ ಕ್ಲುವಾ ಆಸ್ಪತ್ರೆಯ ನಿರ್ದೇಶಕರಾದ ಡಾಕ್ಟರ್ ತನಾಕೊನ್ ಅವರೇ, ಹನ್ನೊಂದು ಆಂಬುಲೆನ್ಸ್‌ಗಳನ್ನು ತೊಳೆದು ಹೊರಗೆ ಸಾಲಾಗಿ ನಿಲ್ಲಿಸಿ ಒಳಗೆ ಬಂದು ಕೂತಿರುವ ರಕ್ಷಣಾ ದಳದ ತಮ್ಮಂದಿರೇ, ತಂಗಿಯರೇ, ಸಭಿಕರೇ,

ಅಪ್ಪ ಉಪ್ಪು ತೆಗೆಯಲು ಬಾವಿಯ ಉಪ್ಪುನೀರು ಕಾಯಿಸುತ್ತ ಹಾಡುತ್ತಿದ್ದ ಒಂದು ಸಾಲು ನನಗೆ ಅರ್ಧ ಮಾತ್ರ ನೆನಪಿದೆ. ‘ಹೇಳಿಕೊಂಡ ನೋವು ಅರ್ಧ ನೋವು’ ಎಂದು ಅದು ಶುರುವಾಗುತ್ತಿತ್ತು. ಮುಂದೇನಿತ್ತೋ, ಎಷ್ಟು ತಡಕಿದರೂ ಸಿಗುತ್ತಿಲ್ಲ. ನಿನ್ನೆ ಈ ಭಾಷಣ ಬರೆಯಲು ಕೂತಾಗ ಹಾಳೆಯ ತುದಿಯಲ್ಲಿ ಆ ಅರ್ಧ ಸಾಲನ್ನೇ ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದೆ. ಅದು ನಿಜವೇ? ಹೇಳಿಕೊಂಡರೆ ನೋವು ಅರ್ಧವಾಗುತ್ತದೆಯೇ? ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಇಪ್ಪತ್ತಾರು ವರ್ಷ ನಿಂತ ದಾದಿಯಾಗಿ ಕೇಳುತ್ತೇನೆ. ನಮ್ಮ ಸೀಮೆಯಲ್ಲಿ ನೋವನ್ನು ಪೂರ್ತಿ ಹೇಳಿಕೊಂಡವರನ್ನು ನೀವು ಯಾರಾದರೂ ಕಂಡಿದ್ದೀರಾ?

ನಗುತ್ತಿದ್ದೀರಿ. ಅಂದರೆ ಕಂಡಿಲ್ಲ.

ನಮ್ಮ ಸೀಮೆಗೂ ಮೂತ್ರಪಿಂಡದ ಕಲ್ಲಿಗೂ ಹಳೆಯ ನಂಟು. ಸೋಂಗ್‌ಕ್ರಾನ್ ಹಬ್ಬದ ನೀರೆರಚಾಟ ಮುಗಿದು, ಗದ್ದೆಗಳು ಬಿರುಕು ಬಿಡುವ ಹೊತ್ತಿಗೆ ಕಲ್ಲಿನವರು ಬರಲು ಶುರುಮಾಡುತ್ತಾರೆ. ಒಂದು ಪಕ್ಕೆಯನ್ನು ಕೈಯಲ್ಲಿ ಹಿಡಿದು, ಬಿಲ್ಲಿನಂತೆ ಬಾಗಿ ಬರುತ್ತಾರೆ. ಕೂತರೆ ಏಳಬೇಕು, ಎದ್ದರೆ ಮಲಗಬೇಕು, ಮಲಗಿದರೆ ಹೊರಳಬೇಕು. ನಾಲ್ಕು ಹೆತ್ತ ತಾಯಿಯೊಬ್ಬಳು ನನ್ನ ತೋಳು ಹಿಡಿದು, “ಇದರ ಬದಲು ಇನ್ನೂ ನಾಲ್ಕು ಹೆರ್ತೀನಿ, ಅಕ್ಕಾ” ಎಂದಿದ್ದಳು. ಅಂಥ ನೋವು. ಅಂಥ ನೋವಿನಲ್ಲೂ, “ಹತ್ತರಲ್ಲಿ ಎಷ್ಟು ನೋವಮ್ಮಾ?” ಎಂದು ಕೇಳಿದರೆ ನಮ್ಮವರು ಏನೆನ್ನುತ್ತಾರೆ? “ಇರ್ಲಿ ಬಿಡಿ, ನಿಮಗೆ ಪುರುಸೊತ್ತಾದಾಗ ನೋಡಿ.”

ಈಗ ನಾವು ಇಂದು ಸೇರಿರುವುದಕ್ಕೆ ಕಾರಣವಾದ ಯಂತ್ರದ ವಿಷಯಕ್ಕೆ ಬರುತ್ತೇನೆ. ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ. ಅದರಿಂದ ಎರಡು ಜೋಡಿ ತಂತಿ, ತಂತಿಯ ತುದಿಗೆ ಅಂಟುವ ಪಟ್ಟಿಗಳು. ಕಲ್ಲು ಸಿಕ್ಕಿಕೊಂಡ ಕಡೆಯ ಪಕ್ಕೆಗೆ, ಬೆನ್ನಿಗೆ ಹಚ್ಚಿ ಗುಂಡಿ ಒತ್ತಿದರೆ ಚರ್ಮದ ಕೆಳಗೆ ಇರುವೆ ಸಾಲು ಹೊರಟಂತೆ ಜುಮ್ಮೆನ್ನುತ್ತದೆ. ಆ ಜುಮ್ಮು ನರದ ದಾರಿಯಲ್ಲಿ ಮುಂದೆ ನುಗ್ಗಿ, ಹಿಂದೆ ಬರುವ ನೋವಿಗೆ ಅಡ್ಡ ನಿಲ್ಲುತ್ತದೆ. ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಅದು ಅಲ್ಲೇ ಇರುತ್ತದೆ. ಆದರೆ ಡಾಕ್ಟರು ಬರುವವರೆಗೆ, ಇಂಜೆಕ್ಷನ್ ಏರುವವರೆಗೆ, ಮನುಷ್ಯ ಮನುಷ್ಯನಾಗಿ ಇರಬಹುದು. ಇಂಥವು ನಾಲ್ಕು ನಮ್ಮ ವ್ಯಾಯಾಮ ಚಿಕಿತ್ಸೆಯ ರತ್ತಿಯಾಳ ಕಪಾಟಿನಲ್ಲಿ ಮಂಡಿನೋವಿನ ಅಜ್ಜಂದಿರಿಗಾಗಿ ಕಾದು ಕೂತಿದ್ದವು. ದೂರದ ಯಾವುದೋ ನಗರದಲ್ಲಿ ಇದನ್ನು ಆಂಬುಲೆನ್ಸ್‌ನಲ್ಲೇ ಹಚ್ಚುತ್ತಾರೆ ಎಂದು ಓದಿದ ದಿನ ನಾನು ಊಟ ಬಿಟ್ಟು ಅವಳ ಕೋಣೆಗೆ ಓಡಿದ್ದೆ.

ಯಾಕೆ ಓಡಿದೆ? ಅದನ್ನು ಹೇಳಬೇಕೆಂದು ಹಾಳೆಯಲ್ಲಿ ಬರೆದಿಲ್ಲ. ಆದರೂ ಹೇಳುತ್ತೇನೆ.

ನಾನು ದಾದಿ ಕಲಿಕೆಯ ಎರಡನೆಯ ವರ್ಷದಲ್ಲಿದ್ದಾಗ ಅಪ್ಪನಿಗೆ ಕಲ್ಲಿನ ನೋವು ಬಂತು. ಉಪ್ಪಿನ ಚೀಲಗಳ ಮೇಲೆ ಮಲಗಿಸಿ, ಪಿಕಪ್ ಗಾಡಿಯಲ್ಲಿ ನಲವತ್ತೆರಡು ಕಿಲೋಮೀಟರು ಕರೆತಂದರು. ಬಾಗಿಲಲ್ಲಿದ್ದ ದಾದಿ, “ತುಂಬಾ ನೋವಾ, ಮಾವ?” ಎಂದು ಕೇಳಿದಳಂತೆ. ಅಪ್ಪ, “ತಡ್ಕೋಬಹುದು ಮಗಳೇ, ಮೊದಲು ಬೇರೆಯವರನ್ನ ನೋಡು” ಎಂದರಂತೆ. ಬೆಳಿಗ್ಗೆ ಎಂಟಕ್ಕೆ ಬಂದವರು ಮಧ್ಯಾಹ್ನ ಎರಡರವರೆಗೆ ಬೆಂಚಿನ ಮೇಲೆ ಇದ್ದರು. ಅವಳ ತಪ್ಪೇನೂ ಇಲ್ಲ. ಅವಳು ಕೇಳಿದಳು, ಇವರು ಹೇಳಿದರು, ಅವಳು ಬರೆದುಕೊಂಡಳು. ಕಲ್ಲಿನ ಹಿಂದೆ ಸೋಂಕು ಕಟ್ಟಿಕೊಂಡಿದೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ಕಡೆಯ ಮೂತ್ರಪಿಂಡ ಉಳಿಯಲಿಲ್ಲ. “ಯಾಕಪ್ಪಾ ಹಾಗಂದೆ?” ಎಂದು ನಾನು ಅತ್ತಾಗ ಅಪ್ಪ ಹೇಳಿದ್ದು ಇಷ್ಟೇ. “ಆ ಹುಡುಗಿಗೆ ನಿನ್ನದೇ ವಯಸ್ಸು. ಬೆಳಿಗ್ಗೆಯಿಂದ ನಿಂತೇ ಇದ್ದಳು. ನನ್ನದನ್ನೂ ಅವಳ ತಲೆ ಮೇಲೆ ಹೊರಿಸ್ಲಾ?”

ನೋವು ಹೇಳಿಕೊಂಡರೆ ಅರ್ಧ ಎಂದು ಜೀವಮಾನವಿಡೀ ಹಾಡಿದ ಮನುಷ್ಯ ಅವರು.

ಇರಲಿ. ನೀರು ಕುಡಿಯುತ್ತೇನೆ. ನೀವೂ ಕುಡಿಯಿರಿ. ಕಲ್ಲಿನ ಸೀಮೆಯವರು ನೀರು ಕುಡಿಯಲು ಭಾಷಣ ಮುಗಿಯುವವರೆಗೆ ಕಾಯಬಾರದು.

ತನಾಕೊನ್ ಡಾಕ್ಟರು ಒಪ್ಪಿದರು. ಕಲ್ಲಿನ ನೋವಿನಿಂದ ಬಂದವರಿಗೆ ಮಾಮೂಲಿನ ಔಷಧಿ ಸಿಗುವ ಮುಂಚಿನ ಇಪ್ಪತ್ತು ನಿಮಿಷ ಈ ಡಬ್ಬಿ ಹಚ್ಚುವುದು, ಮೊದಲು ಎಷ್ಟು ನೋವು, ಆಮೇಲೆ ಎಷ್ಟು ಎಂದು ಬಿಡದೆ ಕೇಳಿ ಬರೆಯುವುದು, ಇಷ್ಟೇ ಕೆಲಸ. ಮೊದಲನೆಯವರು ಒಂಬತ್ತು ಎಂದವರು ಎರಡಕ್ಕೆ ಇಳಿದರು. ಎರಡನೆಯವರು ಎಂಟರಿಂದ ಎರಡಕ್ಕೆ. ಮೂರನೆಯವರು ಹತ್ತರಿಂದ ಒಂದಕ್ಕೆ! ನಾನು ಆ ದಿನಗಳಲ್ಲಿ ನಡೆಯಲಿಲ್ಲ ಸಭಿಕರೇ, ಹಾರುತ್ತಿದ್ದೆ. ಡಬ್ಬಿ ಹಿಡಿದು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದೆ, ಬೆವರು ಒರೆಸುತ್ತಿದ್ದೆ, ಪಟ್ಟಿ ಹಚ್ಚುತ್ತಿದ್ದೆ, ಪಕ್ಕದಲ್ಲೇ ಕೂತು, “ಈಗ ಹೇಗಿದೆ? ಈಗ?” ಎಂದು ಕೇಳುತ್ತಿದ್ದೆ. ಮೂವತ್ತೊಂದು ಜನ. ಎಲ್ಲರದ್ದೂ ಎರಡು, ಒಂದು, ಎರಡು. ಡಾಕ್ಟರು ಪ್ರಾಂತ್ಯಕ್ಕೆ ಪತ್ರ ಬರೆದರು. ಪ್ರತಿ ಆಂಬುಲೆನ್ಸ್‌ಗೂ ಒಂದೊಂದು ಡಬ್ಬಿ ಕೊಡಿಸಿ ಎಂದರು. ನನ್ನ ಫೋಟೋ ಆಸ್ಪತ್ರೆಯ ಬೋರ್ಡಿನ ಮೇಲೆ ಬಂತು.

ಮೂವತ್ತೆರಡನೆಯವರು ಬುನ್ತಿಯಂಗ್ ಮಾವ. ಬಿದಿರಿನ ಖೇನ್ ವಾದ್ಯ ಮಾಡುವವರು, ನುಡಿಸುವವರು. ಇಂದು ಸಂಜೆ ನಿಮಗಾಗಿ ನುಡಿಸಲಿದ್ದಾರೆ. ಅಲ್ಲೇ ಮೂರನೆಯ ಸಾಲಿನಲ್ಲಿ ಕೂತು ತಲೆ ತಗ್ಗಿಸುತ್ತಿದ್ದಾರೆ, ನೋಡಿ. ಮಾವ, ತಲೆ ಎತ್ತಿ. ನಾಚಬೇಕಾದವಳು ನಾನು.

ಅಂದು ಅವರಿಗೆ ಪಟ್ಟಿ ಹಚ್ಚಿ, ಅವರ ಕೈ ಹಿಡಿದು ಇಪ್ಪತ್ತು ನಿಮಿಷ ಕೂತಿದ್ದೆ. “ಈಗ ಎಷ್ಟು, ಮಾವ?”

“ಎರಡು ಅನ್ಕೋ, ತಾಯಿ. ಆರಾಮಾಯ್ತು. ಏನ್ ಯಂತ್ರ ಅಂತೀನಿ!”

ಬಾಯಿ ನಗುತ್ತಿತ್ತು. ಹಣೆಯಿಂದ ಬೆವರು ಮೂಗಿನ ಮೇಲೆ ಇಳಿದು ತೊಟ್ಟಿಕ್ಕುತ್ತಿತ್ತು. ಕಾಲಿನ ಹೆಬ್ಬೆರಳು ಇನ್ನೊಂದು ಕಾಲನ್ನು ತಿವಿಯುತ್ತಿತ್ತು. ನಾನು ಡಬ್ಬಿಯ ಕಡೆ ತಿರುಗಿದೆ. ದೀಪ ಹತ್ತಿರಲಿಲ್ಲ. ಓಡಿಬಂದ ಅವಸರದಲ್ಲಿ ಗುಂಡಿಯನ್ನೇ ಒತ್ತಿರಲಿಲ್ಲ.

“ಮಾವ, ಇದು ಶುರುವೇ ಆಗಿಲ್ಲವಲ್ಲ!”

ಅವರು ನನ್ನ ಮುಖ ನೋಡಿದರು. ಡಬ್ಬಿ ನೋಡಿದರು. ಆಮೇಲೆ, ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಹೇಳಿದರು. “ಅಷ್ಟು ದೂರದಿಂದ ಓಡ್ಕೊಂಡು ತಂದೆಯಲ್ಲಮ್ಮಾ. ಕೈ ಬೇರೆ ಹಿಡ್ಕೊಂಡು ಕೂತಿದ್ದೀಯ. ಆಗ್ತಿಲ್ಲ ಅಂತ ಹೆಂಗನ್ಲಿ? ನಿನಗೆ ಬೇಜಾರಾಗಲ್ವಾ?”

ಗುಂಡಿ ಒತ್ತಿದೆ. ಸ್ವಲ್ಪ ಹೊತ್ತು ಬಿಟ್ಟು, “ಈಗ?” ಎಂದೆ.

“ಒಂದು” ಎಂದರು ಮಾವ. ಪಾಪ, ಎರಡನ್ನು ಆಗಲೇ ಖರ್ಚು ಮಾಡಿಬಿಟ್ಟಿದ್ದರು. ಇಳಿಯಲು ಬೇರೆ ಜಾಗವಿರಲಿಲ್ಲ.

ಈಗ ನಗುತ್ತೇವೆ. ಅಂದು ನನಗೆ ಕಾಲ ಕೆಳಗಿನ ನೆಲ ಜಾರಿತು. ಮೂವತ್ತೊಂದು ಜನರ ಅಂಕಗಳಲ್ಲಿ ವಿದ್ಯುತ್ತಿನ ಪಾಲೆಷ್ಟು, ದಾಕ್ಷಿಣ್ಯದ ಪಾಲೆಷ್ಟು? ರೋಗಿ ಎಷ್ಟು ಎನ್ನುತ್ತಾನೋ ಅಷ್ಟೇ ನೋವು ಎಂದು ಸ್ನಾತಕೋತ್ತರ ತರಗತಿಯಲ್ಲಿ ಕಲಿಸಿದ್ದರು. ಅದನ್ನು ಬರೆದವರು ನಮ್ಮ ಊರಿಗೆ ಬಂದಿರಲಿಲ್ಲ. ಬಂದಿದ್ದರೆ ಅವರಿಗೂ, “ನಿಮ್ಮ ಪುಸ್ತಕ ತುಂಬಾ ಚೆನ್ನಾಗಿದೆ” ಎಂದು ಹೇಳಿ ಕಳಿಸುತ್ತಿದ್ದೆವು.

ಡಬ್ಬಿ ಸುಳ್ಳೆಂದು ಗೊತ್ತಾದರೆ ಪ್ರಾಂತ್ಯ ಒಂದನ್ನೂ ಕೊಡುವುದಿಲ್ಲ. ಸತ್ಯ ತಿಳಿಯದೆ ಕೊಟ್ಟರೆ ನಲವತ್ತು ಕಿಲೋಮೀಟರು ಆಚೆಯಿಂದ ಬರುವವರು ಸತ್ತ ಡಬ್ಬಿಯೊಂದನ್ನು ಪಕ್ಕೆಗೆ ಕಟ್ಟಿಕೊಂಡು, ನಗುತ್ತ, ಸಾಯುವಷ್ಟು ನೋವಿನಲ್ಲಿ ಬರುತ್ತಾರೆ. ಇನ್ನೊಬ್ಬರ ಅಪ್ಪ ಹಾಗೆ ಬರಬೇಕೇ? ಮರುದಿನವೇ ನಾನು ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವರು. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಆಮೇಲೆ, “ಅಕ್ಕಾ, ಹೋದ ತಿಂಗಳು ನಾನೇ ಅಡುಗೆ ಮಾಡಿ ನಿಮಗೆಲ್ಲ ಹಾಕಿದೆನಲ್ಲ, ಎಲ್ಲರೂ ಚೆನ್ನಾಗಿದೆ ಅಂದ್ರಿ. ಅದೂ ಹೀಗೇನಾ?” ಎಂದು ಕೇಳಿದರು. ಹೌದು ಎಂದೆ. ಪ್ರಾಂತ್ಯಕ್ಕೆ ಕಳಿಸಿದ ಪತ್ರವನ್ನು ಅಂದೇ ವಾಪಸು ತರಿಸಿದರು. ಅಧ್ಯಕ್ಷರೇ, ಆ ಪತ್ರ ತಮ್ಮ ಮೇಜಿನಿಂದ ಯಾಕೆ ಮಾಯವಾಯಿತು ಎಂಬುದು ತಮಗೆ ಇಂದು ತಿಳಿಯಿತು.

ಹಾಗಾದರೆ ಸತ್ಯವನ್ನು ಕೇಳುವವರು ಯಾರು? ನಮ್ಮ ಊರಿನಲ್ಲಿ ಯಾರಿಗೂ ದಾಕ್ಷಿಣ್ಯ ತೋರದ ಬಾಯಿ ಯಾವುದು? ಯಾರ ಎದುರು ಜನ ಸೌಜನ್ಯ ಬಿಟ್ಟು ನಿಜ ನುಡಿಯುತ್ತಾರೆ? ಉತ್ತರ ನನ್ನ ಬೇಲಿಯ ಆಚೆಗೇ ಇತ್ತು.

ಖಮ್‌ಪುನ್ ಅಜ್ಜಿಯನ್ನು ನಿಮ್ಮಲ್ಲಿ ಅರಿಯದವರಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಬಿದಿರು ಬುಟ್ಟಿಯಲ್ಲಿ ಅಂಟಕ್ಕಿ ಅನ್ನ ಮಾರುವವರು, ಮೂವತ್ತು ವರ್ಷ ಹಳ್ಳಿಯ ಆರೋಗ್ಯ ಸ್ವಯಂಸೇವಕಿ. ಮದುವೆಮನೆಯಲ್ಲಿ ವರನಿಗೆ, “ಕಿವಿ ದೊಡ್ಡದಿದೆ, ಆದ್ರೂ ಪರವಾಗಿಲ್ಲ” ಎಂದವರು. ದಾಕ್ಷಿಣ್ಯಕ್ಕೆ ಬಸಿರಾಗುವುದರ ಬಗ್ಗೆ ಒಂದು ಗಾದೆಯನ್ನು ದಿನಕ್ಕೆ ಮೂರು ಸಲ ಹೇಳುತ್ತಾರೆ. ವೇದಿಕೆಯ ಮೇಲೆ ಅದನ್ನು ಪೂರ್ತಿ ಹೇಳಲಾರೆ. ನಿಮಗೆಲ್ಲ ಗೊತ್ತಿದೆ.

ಅಜ್ಜಿ ನನ್ನನ್ನು ಹಿಡಿದದ್ದು ಹೇಗೆಂದರೆ, ದಿನಾ ಬೆಳಿಗ್ಗೆ ನಾನು ಅವರಿಂದ ಅನ್ನ ಕೊಳ್ಳುತ್ತೇನೆ. ಒಂದು ದಿನ ಬೇಲಿಯ ಮೇಲಿಂದ ಕೂಗಿದರು. “ಏ ವಿಲಾವನ್, ನನ್ನ ಅನ್ನ ಹಳಸಿದ್ಯಾ? ಹನ್ನೊಂದು ದಿನದಿಂದ ನಿನ್ನ ಕೋಳಿಗಳು ಮಾತ್ರ ತಿಂತಿವೆ. ಅವು ದಪ್ಪ ಆಗ್ತಿವೆ, ನೀನು ಕಡ್ಡಿ ಆಗ್ತಿದ್ದೀಯ.”

ಹನ್ನೊಂದು ದಿನ.

ಮರುದಿನವೇ ಹೇಳಿದೆ ಎಂದೆನಲ್ಲವೇ? ಹಾಳೆಯಲ್ಲಿ ಹಾಗೆಯೇ ಬರೆದುಕೊಂಡು ಬಂದಿದ್ದೇನೆ. ಸಭಿಕರೇ, ತಿದ್ದಿಕೊಳ್ಳುತ್ತೇನೆ. ಹನ್ನೊಂದು ದಿನ ನಾನು ಯಾರಿಗೂ ಹೇಳಲಿಲ್ಲ. ಬೋರ್ಡಿನ ಮೇಲಿನ ಫೋಟೋದ ಮುಂದೆ ತಲೆ ತಗ್ಗಿಸಿ ಓಡಾಡಿದೆ. ಆ ದಿನಗಳಲ್ಲಿ ಇನ್ನೂ ನಾಲ್ವರಿಗೆ ಹಚ್ಚಿ ಅವರ ಎರಡು, ಒಂದುಗಳನ್ನು ಬರೆದೆ. ಬುನ್ತಿಯಂಗ್ ಮಾವನ ಹೆಸರಿನ ಎದುರಿಗೂ ನನ್ನ ಕೈಯಾರೆ ‘ಎರಡು’ ಎಂದೇ ಬರೆದಿದ್ದೆ. ಇದನ್ನು ತನಾಕೊನ್ ಡಾಕ್ಟರಿಗೂ ಈ ಗಳಿಗೆಯವರೆಗೆ ಹೇಳಿರಲಿಲ್ಲ. ಯಾಕೆ? ಅಷ್ಟು ನಂಬಿ ಪತ್ರ ಬರೆದಿದ್ದರು. ಆಗಿಲ್ಲ ಎಂದು ಹೇಗೆ ಹೇಳಲಿ? ಅವರಿಗೆ ಬೇಜಾರಾಗುವುದಿಲ್ಲವೇ?

ಕೇಳಿಸಿತಲ್ಲವೇ? ಮಾವನ ಮಾತು ನನ್ನ ಬಾಯಲ್ಲಿ. ಅಪ್ಪನ ಮಗಳು ನಾನು.

ಅಂದು ಬೇಲಿಯ ಪಕ್ಕದಲ್ಲಿ ಅತ್ತುಕೊಂಡು ಅಜ್ಜಿಗೆ ಎಲ್ಲ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. “ಬಿಳಿ ಬಟ್ಟೆ ಹಾಕ್ಕೊಂಡು, ಕೈ ಹಿಡ್ಕೊಂಡು, ದೇವತೆ ಥರ ಕೂತ್ಕೊಂಡು ಕೇಳಿದ್ರೆ ಯಾವನೇ ನಿಜ ಹೇಳ್ತಾನೆ? ನನ್ನ ಕಳ್ಸು. ನಾನು ಕೇಳ್ತೀನಿ” ಎಂದರು. ನಾನು ಡಾಕ್ಟರ ಕೋಣೆಗೆ ಹೋದದ್ದು ಅದರ ಮರುದಿನ.

ಸಭಿಕರೇ, ಇಲ್ಲಿಂದ ಶುರುವಾದದ್ದೇ ನಿಜವಾದ ಪರೀಕ್ಷೆ! ರತ್ತಿಯಾ ನಾಲ್ಕು ಡಬ್ಬಿಗಳಲ್ಲಿ ಎರಡರ ಒಳಗೆ ಕರೆಂಟು ಹೊರಬರದಂತೆ ತಂತಿ ಕತ್ತರಿಸಿ ಮುಚ್ಚಿದಳು. ನಾಲ್ಕರಲ್ಲೂ ದೀಪ ಹತ್ತುತ್ತಿತ್ತು. ಗುರುತಿಗೆ ತನ್ನ ಮಗಳ ಚಿತ್ರಗಳನ್ನು ಅಂಟಿಸಿದಳು. ಎರಡಕ್ಕೆ ಎಮ್ಮೆ, ಎರಡಕ್ಕೆ ಕೋಳಿ. ಯಾವುದು ಜೀವಂತ, ಯಾವುದು ಸತ್ತದ್ದು ಎಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ವಿಹಾರದ ಹಿರಿಯ ಭಿಕ್ಷುಗಳ ಕೈಗೆ ಕೊಟ್ಟಳು. ಬಂದವರಿಗೆಲ್ಲ, “ಕೆಲವು ಡಬ್ಬಿಗಳಲ್ಲಿ ಕರೆಂಟಿಲ್ಲ, ಯಾವುದೆಂದು ನಮಗೂ ಗೊತ್ತಿಲ್ಲ, ಬೇಡವೆಂದರೆ ಬೇಡ” ಎಂದು ಮೊದಲೇ ಹೇಳುತ್ತಿದ್ದೆವು. ಡಬ್ಬಿ ಯಾವುದಾದರೂ ಇಂಜೆಕ್ಷನ್ ತನ್ನ ಹೊತ್ತಿಗೆ ಬರುತ್ತಿತ್ತು. ಒಬ್ಬರನ್ನೂ ಒಂದು ನಿಮಿಷ ಹೆಚ್ಚು ಕಾಯಿಸಲಿಲ್ಲ.

ನಿಯಮ ಒಂದೇ. ಹಚ್ಚಿದವಳು ಕೇಳಬಾರದು. ನಾನು ಪಟ್ಟಿ ಹಚ್ಚಿ ಹೊರಗೆ ಹೋಗಬೇಕು. ಇಪ್ಪತ್ತು ನಿಮಿಷದ ಮೇಲೆ ಅಜ್ಜಿ ಒಳಗೆ ಹೋಗಬೇಕು. ಅವರ ಕೈಯಲ್ಲಿ ತೆಂಗಿನ ಚಿಪ್ಪು, ಚಿಪ್ಪಿನಲ್ಲಿ ಹತ್ತು ಹುಣಸೆಬೀಜ.

“ಏನಯ್ಯಾ, ಎಮ್ಮೆನಾ ಕೋಳಿನಾ ಕಟ್ಟಿರೋದು? ಕೋಳಿನಾ? ಅದೇ ಮುಖ ಕೋಳಿ ಥರ ಆಗಿದೆ. ಹತ್ತು ಬೀಜ ಇದೆ. ಎಷ್ಟು ನೋವೋ ಅಷ್ಟು ನನ್ನ ಕೈಗೆ ಹಾಕು. ಆ ನರ್ಸಮ್ಮ ಆಚೆ ಹೋದ್ಲು, ಅವಳಿಗೆ ಕೇಳ್ಸಲ್ಲ.”

“ಎಂಟು ತಗೋ ಅಜ್ಜಿ. ಇದೇನೂ ಕೆಲಸಕ್ಕೆ ಬರಲ್ಲ. ಸುಮ್ನೆ ಹೊಟ್ಟೆ ಮೇಲೆ ಸೋಪಿಟ್ಟ ಹಾಗಿದೆ!”

ಇದನ್ನು ನಾನು ಪರದೆಯ ಹೊರಗೆ ನಿಂತು ಕೇಳಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ನಮ್ಮ ಸೀಮೆಯ ಒಬ್ಬ ಮನುಷ್ಯ ಆಸ್ಪತ್ರೆಯೊಳಗೆ ನಿಜ ಹೇಳಿದ್ದನ್ನು ಕೇಳಿದೆ. ನನಗೆ ಆದ ಸಂತೋಷ ಎಷ್ಟೆಂದು ಯಾವ ಬೀಜದಲ್ಲಿ ಎಣಿಸಲಿ!

ಎರಡು ಬೇಸಿಗೆ ಹಿಡಿಯಿತು. ಅರವತ್ತನಾಲ್ಕು ಜನ. ಲಕೋಟೆ ಒಡೆಯುವ ದಿನ ಊಟದ ಹೊತ್ತಿನಲ್ಲಿ ನಮ್ಮ ಕ್ಯಾಂಟೀನು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಸಲಾಡಿಗೆ ಹಸಿ ಪಪ್ಪಾಯಿ ಕುಟ್ಟುತ್ತಿದ್ದ ಹೆಂಗಸು ಒನಕೆ ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿದ್ದಳು. ನಾವು ಮೊದಲು ಬೀಜಗಳ ಲೆಕ್ಕ ಓದಿದೆವು. ಕೋಳಿ ಕಟ್ಟಿಸಿಕೊಂಡವರು ಒಂಬತ್ತರಿಂದ ಎಂಟಕ್ಕೆ ಇಳಿದಿದ್ದರು. ಎಮ್ಮೆಯವರು ಒಂಬತ್ತರಿಂದ ಐದಕ್ಕೂ ಸ್ವಲ್ಪ ಕೆಳಗೆ. ಭಿಕ್ಷುಗಳು ನಿಧಾನವಾಗಿ ಲಕೋಟೆ ಒಡೆದರು. ಕನ್ನಡಕ ಹುಡುಕಿದರು. ನನ್ನ ಕೈ ಬುನ್ತಿಯಂಗ್ ಮಾವನ ಕೈಯಲ್ಲಿತ್ತು, ಯಾರು ಯಾರದ್ದನ್ನು ಹಿಡಿದಿದ್ದರೋ ತಿಳಿಯದು.

“ಜೀವಂತ ಇರೋದು... ಎಮ್ಮೆ” ಎಂದರು.

ಆ ಗದ್ದಲ! ಒನಕೆ ಒರಳಿಗೆ ಬಿತ್ತು. ರತ್ತಿಯಾ ಅತ್ತಳು. ಡಾಕ್ಟರು ಮೇಜಿನ ಮೇಲೆ ಹತ್ತಿದರು. ಹೌದು ಅಧ್ಯಕ್ಷರೇ, ನಿರ್ದೇಶಕರು ಮೇಜಿನ ಮೇಲೆ ಹತ್ತಿದರು. ಒಂಬತ್ತರಿಂದ ಎರಡಕ್ಕೆ ಇಳಿಸಿದ್ದು ದಾಕ್ಷಿಣ್ಯ. ಒಂಬತ್ತರಿಂದ ಐದಕ್ಕೆ ಇಳಿಸಿದ್ದು ವಿದ್ಯುತ್ತು. ಎರಡಕ್ಕಿಂತ ಈ ಐದು ನನಗೆ ಎಷ್ಟು ದೊಡ್ಡದಾಗಿ ಕಂಡಿತು ಎಂದು ಹೇಗೆ ಹೇಳಲಿ? ಈ ಐದು ನಮ್ಮದು. ಯಾರೂ ನಮ್ಮ ಮನಸ್ಸು ಕಾಯಲು ಕೊಟ್ಟದ್ದಲ್ಲ.

ಹೋದ ತಿಂಗಳು ಉಪ್ಪಿನ ಬಾವಿಗಳ ಕಡೆಯಿಂದ, ಅಪ್ಪ ಬಂದ ಅದೇ ನಲವತ್ತೆರಡು ಕಿಲೋಮೀಟರು, ರತ್ತಿಯಾಳ ಎಮ್ಮೆ ಡಬ್ಬಿಯೊಂದನ್ನು ಪರೀಕ್ಷೆಗೆಂದು ಇಟ್ಟುಕೊಂಡಿದ್ದ ನಮ್ಮ ಆಂಬುಲೆನ್ಸೊಂದು ಕಲ್ಲಿನವರೊಬ್ಬರನ್ನು ತಂದಿತು. ದಾರಿಯಲ್ಲೇ ವೈರ್‌ಲೆಸ್‌ನಲ್ಲಿ ರಕ್ಷಣಾ ದಳದ ಹುಡುಗಿಯ ದನಿ ಬಂತು. “ಅಕ್ಕಾ, ಹತ್ತಿದಾಗ ಒಂಬತ್ತು ಬೀಜ ಇತ್ತು, ಈಗ ಐದು ಅಂತಿದ್ದಾರೆ. ನಾನು ಕೇಳ್ಲಿಲ್ಲ. ಡ್ರೈವರಣ್ಣ ಬೈದು ಕೇಳಿದ್ರು.” ಐದು ಎಂದರೆ ಇನ್ನೂ ಐದು ಇದೆ ಎಂದರ್ಥ. ಆದ್ದರಿಂದ ಬಾಗಿಲಲ್ಲಿ ಅವರನ್ನು ಬೆಂಚಿನ ಮೇಲೆ ಕೂರಿಸಲಿಲ್ಲ. ನೇರ ಒಳಗೆ ಕರೆದುಕೊಂಡೆವು.

ತಮ್ಮಂದಿರೇ, ತಂಗಿಯರೇ, ಇಂದು ನಿಮ್ಮ ಕೈಗೆ ಬರುವ ಪ್ರತಿ ಚೀಲದಲ್ಲಿ ಒಂದು ಡಬ್ಬಿ ಇದೆ, ಹತ್ತು ಹುಣಸೆಬೀಜಗಳಿವೆ. ಬೀಜಗಳನ್ನು ಖಮ್‌ಪುನ್ ಅಜ್ಜಿಯೇ ತೊಳೆದು ಒಣಗಿಸಿದ್ದಾರೆ. ಡಬ್ಬಿ ಕಳೆದರೆ ಪ್ರಾಂತ್ಯ ಇನ್ನೊಂದು ಕೊಟ್ಟೀತು. ಬೀಜ ಕಳೆಯಬೇಡಿ.

ಅಜ್ಜಿಯನ್ನು ಅಪ್ಪನ ಹಾಡಿನ ಉಳಿದ ಅರ್ಧ ಗೊತ್ತೇ ಎಂದು ಕೇಳಿದ್ದೆ. “ಉಳಿದದ್ದೇ ಇಲ್ಲ ಕಣೇ. ನಿಮ್ಮಪ್ಪ ಅಷ್ಟು ಹಾಡಿ ಕೆಮ್ಮೋನು. ಒಲೆ ಹೊಗೆ” ಎಂದರು. ಇದ್ದರೂ ಇರಬಹುದು. ನಾನಿನ್ನು ಹುಡುಕುವುದಿಲ್ಲ.

ಹೊಸ ಲೆಕ್ಕದೊಡನೆ ಮತ್ತೆ ಕಳಿಸಿದ ಪತ್ರವನ್ನು ಎರಡನೆಯ ಸಲವೂ ಓದಿ ಡಬ್ಬಿ ಕೊಡಿಸಿದ ಅಧ್ಯಕ್ಷರಿಗೆ, ಇಂದು ಹೊಸದೊಂದನ್ನು ಕೇಳಿಸಿಕೊಂಡೂ ಇನ್ನೂ ನನ್ನ ಕಡೆ ನೋಡುತ್ತಿರುವ ತನಾಕೊನ್ ಡಾಕ್ಟರಿಗೆ, ರತ್ತಿಯಾಳಿಗೆ, ಬುನ್ತಿಯಂಗ್ ಮಾವನಿಗೆ, ಅರವತ್ತನಾಲ್ಕು ಜನರಿಗೆ ನನ್ನ ಕೃತಜ್ಞತೆಗಳು. ನಿಮಗೆಲ್ಲ ಕೈಮುಗಿದು ನಮಸ್ಕಾರ ಹೇಳುತ್ತೇನೆ. ಇಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೊರಟಾಗ ಖಮ್‌ಪುನ್ ಅಜ್ಜಿ ನನ್ನ ಬಾಗಿಲಲ್ಲಿ ನಿಂತಿದ್ದರು. ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು. ಹರಸುತ್ತಾರೆ ಎಂದು ತಲೆ ಬಾಗಿಸಿದೆ. ಅವರು ಹೇಳಿದ್ದನ್ನು ಹೇಳಿ ಕೂರುತ್ತೇನೆ.

“ಮುಗಿದ ಮೇಲೆ ಎಲ್ಲಾ ಚಪ್ಪಾಳೆ ಹೊಡೀತಾರೆ, ನಂಬಬೇಡ. ನಾನು ಹಿಂದಿನ ಸಾಲಲ್ಲಿ ಚಿಪ್ಪು ಹಿಡ್ಕೊಂಡು ಕೂತಿರ್ತೀನಿ. ಬಂದು ನನ್ನ ಕೇಳು.”